ಸರದಾರನ ಮುಖಕ್ಕೆ ಮಸಿ

"ಇದು ನಿಮ್ಮದೇ ಕೆಲಸ," ಎಂದಳು ಗುಣವತಿ. ಅಂಗೈಯಲ್ಲಿದ್ದ ಗೊಂಬೆಯನ್ನು ಗಂಡನ ಮೂಗಿನ ಹತ್ತಿರಕ್ಕೇ ಹಿಡಿದಿದ್ದಳು.

ಕುದುರೆ ಏರಿದ ಸರದಾರನ ಗೊಂಬೆ ಅದು. ಬೆಳಿಗ್ಗೆಯ ತನಕ ಗೋಧಿಬಣ್ಣದಲ್ಲಿ ಮಿರುಗುತ್ತಿದ್ದ ಕಡಲೆಕಾಳಿನಷ್ಟು ಮುಖ ಈಗ ಬಾಣಲೆಯ ತಳದಂತೆ ಕಪ್ಪಾಗಿತ್ತು. ನಾಸಿಕದ ಶಾಲಿಮಾರ್ ಚೌಕದಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಜಯರಾಮ ಗಲ್ಲಾ ಬಿಟ್ಟು ಹಿಂದಿನ ಕೋಣೆಗೆ ಓಡಿಬಂದಿದ್ದ. "ನಾನಲ್ಲ ಮಾರಾಯ್ತಿ," ಎಂದ. ಆದರೆ ದನಿ ಕಳ್ಳನ ದನಿಯಂತೆ ಹೊರಟಿತು. ಅದಕ್ಕೆ ಕಾರಣವಿತ್ತು. ಮಸಿ ಬಳಿದವನು ಅವನಲ್ಲ, ನಿಜ. ಬಳಿಯಬೇಕೆಂದು ವಾರದಿಂದ ಅವನ ಕೈ ತುರಿಸುತ್ತಿದ್ದದ್ದೂ ಅಷ್ಟೇ ನಿಜ.

ಅದು ಸಾವಿರದೊಂಬೈನೂರ ಎಪ್ಪತ್ತೊಂದರ ದೀಪಾವಳಿ. ಆ ಸೀಮೆಯಲ್ಲಿ ಹಬ್ಬಕ್ಕೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಗೊಂಬೆ ಸೈನಿಕರನ್ನು ನಿಲ್ಲಿಸುವುದು ವಾಡಿಕೆ. ನೆರೆಯ ಮಕ್ಕಳಿಗೆಂದು ಗೊಂಬೆಗಳಿಗೆ ಬಣ್ಣ ಹಾಕಲು ಶುರುಮಾಡಿದ ಗುಣವತಿಯ ಕೈಚಳಕ ಔರಂಗಾಬಾದಿನವರೆಗೂ ಮುಟ್ಟಿತ್ತು. ಅಲ್ಲಿನ ಹೊಸ ವಸತಿಗೃಹವೊಂದರ ಹಜಾರದಲ್ಲಿ ದೌಲತಾಬಾದ್ ಕೋಟೆಯ ಮಾದರಿ ಇಡುತ್ತಿದ್ದರು. ಅದರ ಇಡೀ ಸೈನ್ಯ ಅವಳ ಪಾಲಿಗೆ ಬಂದಿತ್ತು. ಮರುದಿನ ಬೆಳಿಗ್ಗೆ ಲಾರಿ ಬರುವುದಿತ್ತು.

ಗಚ್ಚಿನ ಗೊಂಬೆಗಳಿಗೆ ಮೊದಲು ಊರಂಚಿನ ಮುಂಬೈ ನಾಕಾದ ಮೋಟಾರ್ ಗ್ಯಾರೇಜಿನಲ್ಲಿ ಉಮಾನಾಥ ಗಾಳಿಯಂತ್ರದಿಂದ ಬೂದುಬಣ್ಣದ ಪ್ರೈಮರ್ ಹೊಡೆದುಕೊಡುತ್ತಿದ್ದ. ಅದರ ಮೇಲೆ ಗುಣವತಿ ಬಣ್ಣ ಹಾಕುತ್ತಿದ್ದಳು. ಒಣಗಿದ ಮೇಲೆ ಟರ್ಪೆಂಟೈನಿನಲ್ಲಿ ಕದಡಿದ ತೆಳು ಕಪ್ಪನ್ನು ಹರಿಯಬಿಟ್ಟು, ಉಬ್ಬಿದ ಕಡೆ ಅರಳೆಯಿಂದ ಒರೆಸಿದರೆ ಕಪ್ಪು ನೆರಿಗೆಗಳಲ್ಲಿ ಮಾತ್ರ ಉಳಿದು ಗೊಂಬೆಗೆ ಜೀವ ಬರುತ್ತಿತ್ತು.

ಕಿಚ್ಚು ಹಚ್ಚಿದವಳು ಪಕ್ಕದ ಮನೆಯ ಪ್ರೇಮಾಬಾಯಿ. ಸುರುಳಿ ಮೀಸೆ, ಲೋಕವನ್ನೇ ಸಂಶಯಿಸುವಂತೆ ಮೇಲೆದ್ದ ಎಡಹುಬ್ಬಿನ ಆ ಸರದಾರನನ್ನು ಕಂಡವಳೇ, "ಅಗಂ ಬಾಯಿ, ಇವ ನಮ್ಮ ಉಮಾನಾಥನೇ ಅಲ್ವಾ? ಅದೇ ಮೀಸೆ," ಎಂದಿದ್ದಳು. ಗುಣವತಿ ನಕ್ಕು ಮತ್ತೆ ಕುಂಚ ಅದ್ದಿದ್ದಳು. ಆ ನಗುವೇ ಜಯರಾಮನ ನಿದ್ದೆ ಕೆಡಿಸಿತು. ಹೊಟ್ಟೆಯೊಳಗಿನ ಉರಿಗೆ ಕಾವಲಿ ಇಟ್ಟಿದ್ದರೆ ದೋಸೆ ಏಳುತ್ತಿತ್ತು. ಕನ್ನಡಿಯಲ್ಲಿ ತನ್ನ ಬೋಳು ಮೇಲ್ದುಟಿ, ಮುಂದೆ ಬಂದ ಹೊಟ್ಟೆ ಕಂಡಾಗಲೆಲ್ಲ ಅದು ಇನ್ನಷ್ಟು ಉರಿಯುತ್ತಿತ್ತು.

"ಬೆಳಿಗ್ಗೆ ನೀವು ಈ ಕೋಣೆಯಿಂದ ಹೊರಗೆ ಬಂದದ್ದನ್ನು ನೋಡಿದ್ದೇನೆ," ಎಂದಳು ಗುಣವತಿ. "ನಾಳೆ ಲಾರಿಯಲ್ಲಿ ನಾನೂ ಔರಂಗಾಬಾದಿಗೆ ಹೋಗ್ತೇನೆ. ಅಲ್ಲಿ ಅಣ್ಣನ ಮನೆ ಉಂಟು. ತಿರುಗಿ ಬರುವ ಮನಸ್ಸಿಲ್ಲ."

ಆ ಮೀಸೆಯನ್ನು ದುರುಗುಟ್ಟಿ ನೋಡಲು ಹೋಗಿದ್ದೆ ಎಂದು ಹೇಳುವುದಾದರೂ ಹೇಗೆ? ಜಯರಾಮ ಮಹಡಿಗೆ ಓಡಿದ.

ಮಹಡಿಯ ಬಾಡಿಗೆ ಕೋಣೆಯಲ್ಲಿ ವಿಶ್ವನಾಥಪ್ಪನವರಿದ್ದರು. ಬೀದರ ಕಡೆಯವರು, ರೈಲ್ವೆ ಪೊಲೀಸಿನಿಂದ ನಿವೃತ್ತರು. ತ್ರ್ಯಂಬಕೇಶ್ವರದ ಛತ್ರದಲ್ಲಿ ಕಳುವಾದ ಬೆಳ್ಳಿ ಚೊಂಬನ್ನು ಊಟದ ಪಂಕ್ತಿ ಬಿಟ್ಟೇಳದೆ ಪತ್ತೆ ಮಾಡಿದವರು. ಅಂಥ ಪ್ರತಿ ಪ್ರಕರಣದಲ್ಲೂ ಜಯರಾಮ ಅವರ ನೆರಳಿನಂತೆ ಇದ್ದವನು. ಆಮೇಲೆ ಗಿರಾಕಿಗಳಿಗೆ ಅದನ್ನು ಬಣ್ಣ ಕಟ್ಟಿ ಹೇಳುವುದೂ ಅವನದೇ ಕೆಲಸ. ಈ ಸಲ ಹೇಳುವವನೇ ಆರೋಪಿಯಾಗಿದ್ದ.

"ನೀವು ಬಳದಿಲ್ಲ ಅಂತ ನಾ ನಂಬ್ತೀನ್ರಿ," ಎಂದರು ವಿಶ್ವನಾಥಪ್ಪ ಚಪ್ಪಲಿ ಮೆಟ್ಟುತ್ತ. "ಆದ್ರ ನಂಬಬೇಕಾದವ್ರು ನಾ ಅಲ್ಲಲ್ಲ."

ಹಿಂದಿನ ಕೋಣೆಯ ಮೇಜಿನ ಮೇಲೆ ಬೋರಲು ಲೋಟಗಳ ತಲೆಯೇರಿ ಸೈನಿಕರು ಸಾಲಾಗಿ ನಿಂತಿದ್ದರು. ಪಕ್ಕದಲ್ಲೇ ತೆಳು ಕಪ್ಪಿನ ಬಟ್ಟಲಿತ್ತು. ಕಿಟಕಿಗೆ ಕಟ್ಟಿದ ತಂತಿಗೆ ಹೊಸದಾಗಿ ಪ್ರೈಮರ್ ಹೊಡೆದ ಬೂದು ಕುದುರೆಗಳು ತೂಗುತ್ತಿದ್ದವು. ವಿಶ್ವನಾಥಪ್ಪ ಒಬ್ಬ ಸೈನಿಕನನ್ನು ಎತ್ತಿ ನೋಡಿದರು. ಹಚ್ಚಿದ ಕಪ್ಪು ಕೆಳಗಿಳಿದು ಅಂಗಿಯ ಅಂಚಿನಲ್ಲಿ, ಕಾಲಬುಡದಲ್ಲಿ ನಿಂತಿತ್ತು. ಅನಂತರ ಸರದಾರನನ್ನು ಎತ್ತಿದರು.

"ಗದ್ದದ ಕೆಳಗ ನೋಡ್ರಿ, ಸ್ವಚ್ಛ ಅದ. ಈಗ ಮುಂಡಾಸಿನ ತುದಿ ನೋಡ್ರಿ."

ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಹನಿ ಒಣಗಿ ಕೂತಿತ್ತು. ಗೊಂಬೆಯ ಪೀಠದ ಅಡಿಯಲ್ಲಿ ಮೇಣ ತುಂಬಿದ ತೂತಿತ್ತು, ಆ ಮೇಣ ಒಡೆದಿತ್ತು. ಜಯರಾಮ ಎರಡನ್ನೂ ನೋಡಿದ. ಏನೂ ಹೊಳೆಯಲಿಲ್ಲ.

"ಬೆಳಿಗ್ಗಿಂದ ಯಾರ್ಯಾರು ಬಂದಿದ್ರು, ತಾಯಿ?"

"ಪ್ರೇಮಾಬಾಯಿ ಚಕ್ಕುಲಿ, ಕರಂಜಿ ತಂದುಕೊಟ್ಟರು. ಬೋರ್ಡು ಬರೆಯುವ ಶಿವರಾಯ ಕುಂಚ ಕೇಳಿಕೊಂಡು ಬಂದ. ಈ ಕೆಲಸ ತನಗೆ ಸಿಗಲಿಲ್ಲ ಅಂತ ಅವನಿಗೆ ಸಿಟ್ಟುಂಟು. ಉಮಾನಾಥ ಕುದುರೆಗಳನ್ನು ತಂದು ಕಟ್ಟಿ ಹೋದ. ನಾನು ಅಡುಗೆಮನೆಯಲ್ಲಿದ್ದೆ." ಗುಣವತಿ ಗಂಡನ ಕಡೆ ನೋಡದೆ, "ಮತ್ತೆ ಇವರು," ಎಂದಳು.

ವಿಶ್ವನಾಥಪ್ಪನವರ ಕಣ್ಣು ಗೋಡೆಯ ಮೇಲಿನ ಪಟಕ್ಕೆ ಹೋಯಿತು. ಚೆಂಡುಹೂವಿನ ಮಾಲೆ ಹಾಕಿದ್ದ ಮದುವೆಯ ಪಟ. "ಇದು ಮೊದಲ ಇಲ್ಲಿ ಇರ್ಲಿಲ್ಲಲ್ಲ?"

"ಟ್ರಂಕಿನ ತಳದಲ್ಲಿತ್ತು. ಹಬ್ಬಕ್ಕೆ ಸುಣ್ಣ ಹೊಡೆದ ಮೇಲೆ ಇವತ್ತು ಬೆಳಿಗ್ಗೆ ಹಾಕಿದೆ."

ಜಯರಾಮ ಪಟದ ಕಡೆ ತಿರುಗಲೂ ಇಲ್ಲ. ಅವನ ತಲೆಯ ತುಂಬ ಶಿವರಾಯನೇ ಇದ್ದ.

ಇಬ್ಬರೂ ಟಾಂಗಾ ಹತ್ತಿ ಗ್ಯಾರೇಜಿಗೆ ಹೋದರು. ಅಲ್ಲಿ ಉದ್ದನೆಯ ತಂತಿಗೆ ಗೊಂಬೆಗಳು ಪೀಠದ ತೂತಿಗೆ ಸಿಕ್ಕಿಸಿದ ಕೊಕ್ಕೆಯಿಂದ ಬಾವಲಿಗಳ ಹಾಗೆ ತಲೆಕೆಳಗಾಗಿ ಜೋತಿದ್ದವು.

"ಹಿಂಗ್ಯಾಕ್ರಿ?" ಎಂದು ವಿಶ್ವನಾಥಪ್ಪ ಕೇಳಿದರು.

"ಮುಖಕ್ಕೆ ಧೂಳು ಕೂರುವುದಿಲ್ಲ," ಎಂದ ಉಮಾನಾಥ. "ಗುಣವತಿಯವರಿಗೆ ತುಂಬಾ ಬೇಜಾರಾಗಿರಬೇಕು, ಅಲ್ವಾ?"

ಜಯರಾಮನ ಕಣ್ಣು ಅವನ ಸುರುಳಿ ಮೀಸೆಗೇ ಅಂಟಿಕೊಂಡಿತ್ತು. ಜಯರಾಮನ ಎಡಹುಬ್ಬು ತಾನಾಗಿ ಮೇಲೇರಿತು. ವಿಶ್ವನಾಥಪ್ಪ ಅದನ್ನು ನೋಡಿ ಯಾಕೋ ಮುಗುಳ್ನಕ್ಕರು. ಇವನೇ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಜಯರಾಮನ ಆಸೆ. ಆದರೆ ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವ ಮೂರ್ಖ ಎಲ್ಲಿದ್ದಾನೆ?

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದರು. ವಿಶ್ವನಾಥಪ್ಪ ಒಬ್ಬೊಬ್ಬರ ಕೈಗೂ ಬಣ್ಣ ಹಾಕಿದ ಹೆಚ್ಚುವರಿ ಸೈನಿಕನನ್ನು ಕೊಟ್ಟರು.

"ನಾಳೆ ಲಾರಿ ಬರ್ತದ. ಗುಣವತಿಯವರಿಗೆ ಕೈ ಸಾಲ್ದು. ಎಲ್ಲಾರೂ ಒಂದೊಂದಕ್ಕ ಕಪ್ಪು ಹಚ್ಚಿ ಒಣಗಲಿಕ್ಕ ಇಡ್ರಿ."

ಪ್ರೇಮಾಬಾಯಿ ಸೀರೆಗೆ ಚೆಲ್ಲಿಕೊಂಡಳು. ಜಯರಾಮನ ಕೈಯಲ್ಲಿ ಗೊಂಬೆಗಿಂತ ಬೆರಳೇ ಹೆಚ್ಚು ಕಪ್ಪಾಯಿತು. ಗುಣವತಿ, ಶಿವರಾಯ ತಮ್ಮ ಸೈನಿಕರನ್ನು ಲೋಟದ ಮೇಲೆ ನೆಟ್ಟಗೆ ನಿಲ್ಲಿಸಿದರು. ಉಮಾನಾಥ ಚಕಚಕನೆ ಕಪ್ಪು ಹಚ್ಚಿದ, ಗೊಂಬೆಯನ್ನು ತಲೆಕೆಳಗು ಮಾಡಿದ, ಪೀಠದ ಮೇಣಕ್ಕೆ ಕೊಕ್ಕೆ ಚುಚ್ಚಿ ಕಿಟಕಿಯ ತಂತಿಗೆ ತೂಗುಹಾಕಿದ.

ತೂಗುಹಾಕಿದ ಕೈ ಅಲ್ಲೇ ನಿಂತಿತು. ತಾನು ಮಾಡಿದ್ದು ಅವನಿಗೇ ಅರ್ಥವಾಗಿತ್ತು.

"ನೀರು ಇಳಿಜಾರಿಗೇ ಹರೀತದ," ಎಂದರು ವಿಶ್ವನಾಥಪ್ಪ. "ನಿಂತ ಗೊಂಬಿಗೆ ಕಪ್ಪು ಹಚ್ಚಿದ್ರ ಅದು ಗದ್ದಕ್ಕ ಇಳೀಬೇಕು. ಸರದಾರಗ ಮುಂಡಾಸಿಗಿ ಏರಿತ್ತು. ಅಂದ್ರ ಹಸಿ ಇದ್ದಾಗ ಅಂವ ತಲಿಕೆಳಗ ಇದ್ದ. ಪೀಠದ ಮೇಣ ಒಡದದ್ದು ಕೊಕ್ಕೆ ಹಾಕಿದ್ದಕ್ಕ. ಜಯರಾಮಗ ಅಷ್ಟು ಕಸಬು ಗೊತ್ತಿಲ್ಲ. ಶಿವರಾಯ ನಿಲ್ಲಿಸಿ ಒಣಗಿಸಾಂವ. ಸಿಟ್ಟಿನ್ಯಾಗ ಕೆಡಿಸಲಿಕ್ಕ ಹೋದ್ರೂ ಕೈ ತನ್ನ ರೂಢಿ ಬಿಡಲಿಲ್ಲ, ಉಮಾನಾಥ. ಕುದುರಿ ಕಟ್ಟೋತನಕ ಅದನ್ನೂ ತೂಗುಹಾಕಿ, ಹನಿ ಆರಿದ ಮ್ಯಾಲ ಎತ್ತಿಟ್ಟಿ. ನಾವು ಹೇಳೂಕಿಂತ ಮೊದಲ ಗುಣವತಿಯವರ ಬ್ಯಾಸರಾನೂ ನಿನಗ ಗೊತ್ತಿತ್ತು."

"ಆದರೆ ಯಾಕೆ?" ಎಂದ ಜಯರಾಮ. "ಮುಖ ಅವನದ್ದೇ ಅಲ್ವಾ?"

"ಅಂವನೂ ನಿನ್ನೆತನಕ ಹಂಗ ತಿಳಕೊಂಡಿದ್ದ." ವಿಶ್ವನಾಥಪ್ಪ ಗೋಡೆಯ ಪಟವನ್ನು ಇಳಿಸಿ, ಮಾಲೆ ತೆಗೆದು ಜಯರಾಮನ ಕೈಗಿಟ್ಟರು. "ಇವತ್ತು ಈ ಪಟ ಗೋಡೆ ಏರಿತು. ಕುದುರಿ ಕಟ್ಟುವಾಗ ನೋಡಿದ. ಈಗ ನೀವೂ ನೋಡ್ರಿ."

ಪಟದಲ್ಲಿ ಬಾಸಿಂಗ ಕಟ್ಟಿದ ತೆಳ್ಳನೆಯ ಹುಡುಗನೊಬ್ಬ ಇದ್ದ. ಸುರುಳಿ ಮೀಸೆ. ಫೋಟೊ ತೆಗೆಯುವವನನ್ನೇ ಸಂಶಯಿಸುವಂತೆ ಮೇಲೆದ್ದ ಎಡಹುಬ್ಬು.

"ಊರೆಲ್ಲ ನಂದೇ ಮುಖ ಅಂದಾಗ ನಾನು ಅಲ್ಲ ಅನ್ನಲಿಲ್ಲ," ಎಂದ ಉಮಾನಾಥ ನೆಲ ನೋಡುತ್ತ. "ನಂಬಿಬಿಟ್ಟೆ. ಅವರು ನನ್ನನ್ನೇ ನೆನೆದು ಬರೆದಿದ್ದಾರೆ ಅಂತ. ಪಟ ನೋಡಿದಾಗ ತಡೆಯಲಿಕ್ಕೆ ಆಗಲಿಲ್ಲ." ಯಾರೂ ಬೈಯಲಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಹೊರಟುಹೋದ. ಜಯರಾಮನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ವಾರವಿಡೀ ತಾನು ಉಂಡ ನೋವನ್ನೇ ಅವನೂ ಉಂಡಿದ್ದ.

"ನೀನು ಹೇಳಬಹುದಿತ್ತಲ್ಲ," ಎಂದ ಹೆಂಡತಿಗೆ.

"ನೀವೇ ಗುರುತು ಹಿಡಿಯುತ್ತೀರಿ ಅಂತ ಕಾದೆ," ಎಂದಳು ಗುಣವತಿ. ಅವಳ ಕಣ್ಣು ತುಂಬಿತ್ತು. "ನೀವು ಮಾಡಿದ್ದಲ್ಲ ಅಂದಾಗ ನಾನೂ ನಂಬಬೇಕಿತ್ತು."

ಟರ್ಪೆಂಟೈನಿನಲ್ಲಿ ಅದ್ದಿದ ಅರಳೆಯಿಂದ ಒರೆಸಿದಾಗ ಕಪ್ಪಿನ ಜೊತೆ ಮುಖವೂ ಹೋಯಿತು. ಉಮಾನಾಥ ಹೊಡೆದ ಪ್ರೈಮರ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದರ ಮೇಲೆಯೇ ಗುಣವತಿ ಹೊಸದಾಗಿ ಬರೆಯತೊಡಗಿದಳು.

"ಈಗಿನ ಮುಖವನ್ನೇ ಬರೆಯಬಹುದಲ್ಲ," ಎಂದ ಜಯರಾಮ ಆಸೆಯಿಂದ.

"ಅದಕ್ಕೆ ಈ ಜಾಗ ಸಾಲುವುದಿಲ್ಲ," ಎಂದಳು ಅವಳು.

ಬೆಳಿಗ್ಗೆ ಲಾರಿಯಲ್ಲಿ ಗೊಂಬೆಗಳು ಮಾತ್ರ ಹೋದವು. ಹಬ್ಬ ಕಳೆದ ಮೇಲೆ ಗಂಡ ಹೆಂಡತಿ ಒಟ್ಟಿಗೇ ಔರಂಗಾಬಾದಿಗೆ ಹೋಗಿ ಆ ಹಜಾರದಲ್ಲಿ ನಿಂತರು. ಕೋಟೆಯ ಬಾಗಿಲಲ್ಲಿ ಸರದಾರ ಹುಬ್ಬೇರಿಸಿ ಕುದುರೆಯ ಮೇಲೆ ಕೂತಿದ್ದ. ಗುಣವತಿ ಬಗ್ಗಿ ಅವನನ್ನು ನೋಡಿದಳು. ನೋಡುತ್ತಲೇ ಇದ್ದಳು. ಮುಖದ ಮೇಲೆ ಅದೇ ಹಳೆಯ ನಗು ಬಂತು.

ಜಯರಾಮ ಗಡಿಯಾರ ನೋಡಿದ. ಹೊಟ್ಟೆಯಲ್ಲಿ ಪರಿಚಿತ ಉರಿ ಏಳುತ್ತಿತ್ತು.

"ಸಾಕು ಮಾರಾಯ್ತಿ, ಎಷ್ಟು ನೋಡ್ತೀಯ ಅವನನ್ನು," ಎಂದ. "ಬಸ್ಸಿಗೆ ಹೊತ್ತಾಯಿತು."