ನೀರು ಕೇಳುವ ನೆಪ

ಶೋಭಾ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಅರ್ಧಕ್ಕೇ ಕೆಳಗಿಟ್ಟಳು.

“ನಡಿ ಶಿವಾನಿ, ಬೆಲ್ಲದ ಬಾಗೇವಾಡಿಗೆ ಹೋಗಿ ಬರೂಣು. ದುರ್ಗೇಶ ಅಲ್ಲಿ ಸಾಲಿಗೆ ಗಾರ್ಡನ್ ಮಾಡ್ಯಾನ. ನಮ್ಮ ಸಾಲಿ ಕೆಲಸಾನೂ ಅವಗ ಕೊಡೋದೋ ಬ್ಯಾಡೋ, ನಾಳೆ ಮೀಟಿಂಗ್‌ನಾಗ ಹೇಳಬೇಕು.”

“ಫೋನ್‌ನಾಗ ಫೋಟೋ ತೋರಿಸ್ಯಾನಲ್ಲವ್ವಾ.”

“ಫೋಟೋದಾಗಿನ ಗಿಡ ಎಂದೂ ಒಣಗೂದಿಲ್ಲ.”

ಶೋಭಾ ಮಮದಾಪುರದ ಶಾಲೆಯ ಕಮಿಟಿಗೆ ಅಧ್ಯಕ್ಷೆ. ದುರ್ಗೇಶ ಶಿವಾನಿಯ ಗೆಳತಿ ಮಯೂರಿಯ ಅಪ್ಪ. ಬಾಗೇವಾಡಿಯಲ್ಲಿ ಅವನು ಹಚ್ಚಿದ ಗಿಡಗಳೆಲ್ಲ ಒಣಗಿದವೆಂದು ಊರಲ್ಲಿ ಸುದ್ದಿ. ಅದನ್ನು ಕ್ಲಾಸಿನಲ್ಲಿ ಜೋರಾಗಿ ಹೇಳಿದವಳು ಶಿವಾನಿಯೇ. ಅಂದಿನಿಂದ ಮಯೂರಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂಡುತ್ತಾಳೆ.

ಇವರು ಹೋದದ್ದು ರವಿವಾರ. ಬಾಗೇವಾಡಿಯ ಶಾಲೆಯ ಗೇಟಿಗೆ ಕೀಲಿ ಬಿದ್ದಿತ್ತು. ಕಂಪೌಂಡಿನಾಚೆ ಹಣಿಕಿದರೆ ಗಿಡಗಳೆಲ್ಲ ಹಸಿರಾಗಿದ್ದವು.

“ನೋಡಿದ್ದಾತಲ್ಲ, ಹೋಗೂಣು” ಎಂದಳು ಶಿವಾನಿ.

ಶೋಭಾ ಮಾತ್ರ ಬಾಜೂ ಮನೆಯ ಬಾಗಿಲಿಗೆ ಹೋದಳು. “ಆಯಿ, ಕುಡಿಯಾಕ ನೀರ ಕೊಡ್ತೀರೇನು?”

“ಅವ್ವಾ, ಬಾಟಲಿ ತುಂಬೇತಿ...” ಎನ್ನುತ್ತಿದ್ದ ಶಿವಾನಿಯ ಕೈಯನ್ನು ಶೋಭಾ ಮೆಲ್ಲಗೆ ಒತ್ತಿದಳು. ಮಗಳನ್ನು ಕೊಡುವ ಮೊದಲು ಹೆಂಗಸರು ಗಂಡಿನ ಬಾಜೂ ಮನೆಯಲ್ಲಿ ಹೀಗೆಯೇ ನೀರು ಕೇಳುವ ನೆಪದಲ್ಲಿ ಅವನ ಗುಣ ವಿಚಾರಿಸುತ್ತಾರೆಂದು ಅಜ್ಜಿ ಹೇಳಿದ್ದು ಶಿವಾನಿಗೆ ನೆನಪಾಯಿತು.

ಮುದುಕಿ ಪಾರವ್ವ ಚರಗಿ ತುಂಬ ನೀರು ತಂದಳು.

“ಸಾಲಿ ಗಿಡ ಚಂದ ಬಂದಾವ. ಯಾರು ಹಚ್ಚಿದ್ರು ಆಯಿ?”

“ಮಮದಾಪುರದಾಂವ ಒಬ್ಬ. ಹೋದ ವರ್ಷ ಬ್ಯಾಸಗಿ ಸೂಟ್ಯಾಗ ಸಾಲಿ ಮುಚ್ಚಿತ್ತು, ಯಾರೂ ನೀರ ಹಾಕಲಿಲ್ಲ, ಅಷ್ಟೂ ಒಣಗಿದ್ವು. ಅವಂದೇನ ತಪ್ಪ? ಖರೆ ಹೇಳ್ತೇನಿ ತಂಗಿ, ಯಾರೂ ಕರೀಲಾರದ ಮತ್ತ ಸಸಿ ತಗೊಂಡ ಬಂದ. ಎರಡ ತಿಂಗಳ, ಪ್ರತಿ ರವಿವಾರ, ನಮ್ಮ ಬಾವಿ ನೀರ ಹೊತ್ತ ಹಾಕಿದ. ಜೋಡಿ ಅವನ ಮಗಳು. ಇಷ್ಟ ಬಕೀಟ್ ಹಿಡಕೊಂಡ ಅದೂ ಓಡ್ಯಾಡ್ತಿತ್ತು. ಈ ಹುಡುಗಿಯಷ್ಟ ಇದ್ದೀತು.”

ಪಾರವ್ವ ತನ್ನತ್ತ ಕೈ ತೋರಿದಾಗ ಶಿವಾನಿ ತಲೆ ತಗ್ಗಿಸಿದಳು. ಹೋದ ವರ್ಷ ಎಷ್ಟು ಕರೆದರೂ ಮಯೂರಿ ರವಿವಾರ ಆಡಲು ಬರುತ್ತಿರಲಿಲ್ಲ. ಯಾಕೆ ಎಂದು ಶಿವಾನಿ ಒಮ್ಮೆಯೂ ಕೇಳಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಶೋಭಾಳ ಮುಖ ಅರಳಿತ್ತು. “ನಾಳೆ ಮೀಟಿಂಗ್‌ನಾಗ ಏನ ಹೇಳಬೇಕಂತ ಗೊತ್ತಾತು.”

ಶಿವಾನಿಗೂ ಗೊತ್ತಾಗಿತ್ತು. ನಾಳೆ ಕ್ಲಾಸಿನಲ್ಲಿ, ಅಂದಿನಷ್ಟೇ ಜೋರಾಗಿ, ಪಾರವ್ವ ಹೇಳಿದ್ದನ್ನೆಲ್ಲ ಹೇಳಬೇಕು.

“ಏನ್ ವಿಚಾರ ಮಾಡಾಕತ್ತಿ?” ಅವ್ವ ಕೇಳಿದಳು.

“ಏನಿಲ್ಲ” ಎಂದು ಶಿವಾನಿ ಕಿಟಕಿಯತ್ತ ತಿರುಗಿದಳು.