ತುಂಬಿ ಬಂದ ಡಬ್ಬಿ

ಡಬ್ಬಿ ಕೈಗೆ ಬಂದ ಕೂಡಲೇ ತ್ರಿಶಲಾಗೆ ತಿಳಿಯಿತು, ಇವತ್ತೂ ಭಾರ.

"ನಿಮ್ಮಕ್ಕ ಊಟ ಬಿಟ್ಟಾಳೇನವಾ? ನಾಕು ದಿನಾ ಆತು, ಕೊಟ್ಟ ಡಬ್ಬಿ ಹಂಗ ವಾಪಸ್ ಬರಾಕತ್ತೈತಿ," ಎಂದ ಕಂಡಕ್ಟರ್ ಮಾಯಪ್ಪ, ಸಂಜೆ ಊರಿಗೆ ಮರಳಿದ ಬಸ್ಸಿನ ಬಾಗಿಲಲ್ಲಿ ನಿಂತು.

ತ್ರಿಶಲಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮನೆಯ ಕಡೆ ಓಡಿದಳು. ಐದನೇ ಕ್ಲಾಸಿನ ಈ ಹುಡುಗಿಗೆ ನಡೆಯುವುದು ಬರುವುದೇ ಇಲ್ಲ ಎಂದು ಪಾರಿಶ್ವಾಡದಲ್ಲಿ ಎಲ್ಲರೂ ತಮಾಷೆ ಮಾಡುತ್ತಾರೆ.

ಆ ಊರಿನಿಂದ ಬೆಳಗಾವಿಗೆ ಕಲಿಯಲು ಹೋದವರ ಊಟ ಬಸ್ಸಿನಲ್ಲೇ ಹೋಗುತ್ತದೆ. ಅಕ್ಕ ಶರ್ವರಿ ಈ ವರ್ಷ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿ ಹಾಸ್ಟೆಲ್‌ನಲ್ಲಿದ್ದಾಳೆ. ಅವಳ ಡಬ್ಬಿಯನ್ನು ಒಂದೂವರೆಯ ಬಸ್ಸಿಗೆ ಕೊಡುವುದು ತ್ರಿಶಲಾಳ ಕೆಲಸ. ಶಾಲೆಯ ಬಿಡುವಿನಲ್ಲಿ ಓಡಿಬಂದು ಕೊಟ್ಟು, ಗಂಟೆ ಹೊಡೆಯುವುದರೊಳಗೆ ಮತ್ತೆ ಓಡಬೇಕು. ಅಕ್ಕ ಕಾಲೇಜು ಮುಗಿಸಿ ಬಸ್ ನಿಲ್ದಾಣಕ್ಕೆ ಬರುತ್ತಾಳೆ. ಹಿಂದಿನ ದಿನದ ಡಬ್ಬಿ ಮಾಯಪ್ಪನ ಕೈಗೆ ಕೊಟ್ಟು, ಹೊಸದನ್ನು ತೆಗೆದುಕೊಂಡು ಹೋಗುತ್ತಾಳೆ.

ಅದು ಅವಳ ಸಂಜೆಯ ಊಟ. ಇವರು ಜೈನರು. ಹೊತ್ತು ಮುಳುಗಿದ ಮೇಲೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹಾಸ್ಟೆಲ್‌ನ ಮೆಸ್ಸಿನಲ್ಲಿ ಊಟಕ್ಕೆ ಕರೆಯುವುದು ರಾತ್ರಿ ಎಂಟಕ್ಕೆ. ಅದೂ ಇವರು ಮುಟ್ಟದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಅಡುಗೆ. ಹಾಗಾಗಿ ಅವ್ವ ಕಾಂತಾ ಮೊದಲ ದಿನದಿಂದಲೇ ಡಬ್ಬಿ ಶುರು ಮಾಡಿದ್ದಳು. ಎರಡು ತಿಂಗಳು ಡಬ್ಬಿ ನೆಕ್ಕಿದ ಹಾಗೆ ಖಾಲಿ ಬರುತ್ತಿತ್ತು. ಅದನ್ನು ನೋಡಿದರೆ ಸಾಕು, ಅವ್ವನ ಮುಖ ಅರಳುತ್ತಿತ್ತು. ಮರುದಿನ ಒಂದು ರೊಟ್ಟಿ ಹೆಚ್ಚು.

ಈಗ ಅವ್ವ ಮುಚ್ಚಳ ತೆಗೆದಳು. ನಾಲ್ಕು ರೊಟ್ಟಿ, ಚವಳಿಕಾಯಿ ಪಲ್ಯ, ಶೇಂಗಾ ಚಟ್ನಿ. ಎಲ್ಲ ಇಟ್ಟಿದ್ದು ಇಟ್ಟ ಹಾಗೇ ಇತ್ತು. ಅವ್ವ ಅದನ್ನು ಎಮ್ಮೆಗೆ ಹಾಕಿ ಬಂದಳು. ಫೋನ್ ಮಾಡಿದರೆ ಅಕ್ಕ ಆರಾಮ ಅದೀನಿ ಎಂದಳು, ಲ್ಯಾಬಿನ ರೆಕಾರ್ಡ್ ಬರೆಯುವುದಿದೆ ಎಂದು ಗಡಿಬಿಡಿಯಲ್ಲಿ ಇಟ್ಟುಬಿಟ್ಟಳು.

ಅಪ್ಪ ಜಿನಪ್ಪ ಆಮೇಲೆ ಹೇಳಿದ, "ಶನಿವಾರ ಹೆಂಗೂ ಟ್ರ್ಯಾಕ್ಟರ್ ಸಾಮಾನಿಗೆ ಬೆಳಗಾವಿ ಆಟೋ ನಗರಕ್ಕ ಹೊಂಟೀನಿ. ಹೋಗಿ ನೋಡ್ತೀನಿ. ಉಪವಾಸ ಬಿದ್ದು ಕಲಿಯೂದು ಬ್ಯಾಡ. ಕರಕೊಂಡು ಬಂದು ಖಾನಾಪುರದ ಕಾಲೇಜಿಗೆ ಹಾಕೂಣು. ದಿನಾ ಮನಿಯಿಂದ ಹೋಗಿ ಬರ್ಲಿ."

ಅಕ್ಕ ಊಟ ಬಿಟ್ಟಿದ್ದಾಳೆ ಎಂದು ತ್ರಿಶಲಾಗೆ ಹೆದರಿಕೆ ಆಗಬೇಕಿತ್ತು. ಆಗಿದ್ದು ಖುಷಿ. ಅಕ್ಕ ಹೋದ ಮೇಲೆ ಜಡೆ ಹಾಕುವವರಿಲ್ಲ, ಅವ್ವ ಹಾಕಿದರೆ ಕೂದಲು ಕಿತ್ತು ಬರುತ್ತದೆ. ಗಣಿತ ಹೇಳಿಕೊಡುವವರಿಲ್ಲ. ಹಾಸಿಗೆಯಲ್ಲಿ ಜಗಳಾಡಲು ಯಾರೂ ಇಲ್ಲ. ಅಕ್ಕ ಸೊರಗಿರಲಿ ಎಂದು ಅವಳ ಮನಸ್ಸು ಒಳಗೊಳಗೇ ಬೇಡಿಕೊಂಡಿತು. ಕೂಡಲೇ ನಾಚಿಕೆಯಾಯಿತು. ಕೂತಲ್ಲಿ ಕೂರಲಾಗದೆ ಅಂಗಳಕ್ಕೂ ಒಳಗೂ ಎಷ್ಟು ಸಲ ಓಡಾಡಿದಳೋ, ಕೊನೆಗೆ ಅವ್ವ ಗದರಿದಳು.

ಶನಿವಾರ ಹಟ ಹಿಡಿದು ಅಪ್ಪನ ಬೈಕ್ ಹತ್ತಿದಳು. ಆಟೋ ನಗರದ ಕೆಲಸ ಮುಗಿಸಿ ಹಾಸ್ಟೆಲ್ ಗೇಟಿಗೆ ಬರುವಾಗ ಐದೂವರೆ. ಗಂಡಸರನ್ನು ಒಳಗೆ ಬಿಡುವುದಿಲ್ಲ. ಹೇಳಿ ಕಳಿಸಿದ ಮೇಲೆ ಅಕ್ಕ ಓಡಿ ಬಂದಳು. ಮೊದಲಿಗಿಂತ ತೆಳ್ಳಗಾಗಿದ್ದಳು. ಅದನ್ನು ಕಂಡು ಅಪ್ಪನ ಮುಖ ಸಣ್ಣದಾಯಿತು. ಕೇಳಿದ್ದಕ್ಕೆಲ್ಲ ಅಕ್ಕ ಆರಾಮ, ಆರಾಮ ಎಂದೇ ಹೇಳಿದಳು.

ಅಪ್ಪ ತ್ರಿಶಲಾಳನ್ನು ಬದಿಗೆ ಕರೆದ. "ಇಕಿ ಬಾಯಿ ಬಿಡೂದಿಲ್ಲ. ನೀ ಒಳಗ ಹೋಗಿ ಖರೇ ಏನೈತಿ ನೋಡ್ಕೊಂಡು ಬಾ. ನೀ ಹೆಂಗ ಹೇಳ್ತಿ ಹಂಗ ಮಾಡ್ತೀನಿ."

ಒಳಗೆ ಹೋದದ್ದೇ ತಡ, ಅಕ್ಕ ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಲಗೂ ಬಾ, ಹೊತ್ತು ಮುಳುಗಾಕ ಬಂತು."

ಅಲ್ಲಿ ಮೆಸ್ಸಿನ ಅಡುಗೆ ಮಾಡುವ ರೇಣವ್ವ ಎರಡು ತಾಟು ಇಟ್ಟಿದ್ದಳು, ಇವಳನ್ನು ಕಂಡು ಮೂರನೆಯದನ್ನೂ ಇಟ್ಟಳು. ಉಳ್ಳಾಗಡ್ಡಿ ಹಾಕುವ ಮೊದಲೇ ಅಕ್ಕನ ಪಾಲಿನ ಪಲ್ಯ, ಬೇಳೆ ತೆಗೆದಿಡುತ್ತಾಳಂತೆ. ಎರಡನೆಯ ತಾಟು ರೂಮಿನ ಗೆಳತಿ ಸಮೃದ್ಧಿಯದು. ಅವಳಿಗೆ ರಾತ್ರಿ ಉಂಡರೂ ನಡೆಯುತ್ತದೆ, ಆದರೂ ಅಕ್ಕ ಒಬ್ಬಳೇ ಕೂರಬಾರದು ಎಂದು ಜೊತೆಗೆ ಉಣ್ಣುತ್ತಾಳೆ. ಇಬ್ಬರೂ ಲ್ಯಾಬಿನಲ್ಲಿ ಒಡೆದುಹೋದ ಯಾವುದೋ ಗಾಜಿನ ನಳಿಗೆಯ ಕತೆ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ತ್ರಿಶಲಾಗೆ ಒಂದೂ ತಿಳಿಯಲಿಲ್ಲ. ಅಕ್ಕ ಮೂರನೆಯ ಚಪಾತಿ ಕೇಳಿ ಹಾಕಿಸಿಕೊಂಡಳು. ಅದನ್ನು ನೋಡಿ ತ್ರಿಶಲಾಗೆ ಸಿಟ್ಟು ಬಂತು.

ಸಮೃದ್ಧಿ ಕೈ ತೊಳೆಯಲು ಎದ್ದಾಗ ಕೇಳಿಯೇಬಿಟ್ಟಳು. "ಇಲ್ಲಿ ಇಷ್ಟ್ ಉಣ್ತಿ. ಅವ್ವನ ಊಟ ಎಮ್ಮಿ ಉಣ್ಣಾಕತ್ತೈತಿ. ಮೊದಲ ಎಲ್ಲಾ ಉಣ್ತಿದ್ದೆಲ್ಲ?"

ಅಕ್ಕ ತಾಟನ್ನು ಬದಿಗೆ ಸರಿಸಿದಳು. "ಮೊದಲ ಒಂದ ತುತ್ತೂ ಉಂಡಿಲ್ಲ ನಾ. ಡಬ್ಬಿ ತಗದ್ರ ಮನಿ ನೆನಪಾಗಿ ಹಂಗ ಮುಚ್ಚಿಡ್ತಿದ್ದೆ. ರೂಮಿನವ್ರು ಹಂಚ್ಕೊಂಡು ಉಣ್ತಿದ್ರು. ಖಾಲಿ ಡಬ್ಬಿ ನೋಡಿದ್ರ ಅವ್ವಗ ಸಮಾಧಾನ ಆಗತೈತಿ ಅಂತ ತೊಳದು ಕಳಸ್ತಿದ್ದೆ. ನಾ ಅಳಕೋತ ಹಂಗ ಮಕ್ಕೋತಿದ್ದೆ."

ಒಂದು ದಿನ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತಾಗ ರೇಣವ್ವ ನೋಡಿದಳಂತೆ. ಅವತ್ತಿನಿಂದ ಈ ತಾಟು.

"ಈಗ ಹಸಿವಿ ಆಗಾಕತ್ತೈತಿ, ತಂಗಿ. ಡಬ್ಬಿ ತಗದ್ರ ಮಾತ್ರ ಈಗೂ ಅಳು ಬರತೈತಿ, ಇನ್ನ ಸುಳ್ಳ ಖಾಲಿ ಮಾಡಿ ಕಳಸಾಕೂ ಮನಸಾಗವಲ್ದು. ಡಬ್ಬಿ ಬ್ಯಾಡ ಅನ್ನಾಕೂ ಬಾಯಿ ಬರವಲ್ದು. ಅವ್ವ ನೊಂದ್ಕೋತಾಳ."

ತ್ರಿಶಲಾಳ ಸಿಟ್ಟು ಎಲ್ಲಿಗೆ ಹೋಯಿತೋ. ಖಾಲಿ ಡಬ್ಬಿಗಳನ್ನು ನೋಡಿ ಮನೆಯಲ್ಲಿ ಎಲ್ಲರೂ ನಗುತ್ತಿದ್ದ ಅಷ್ಟೂ ದಿನ ಅಕ್ಕ ಇಲ್ಲಿ ಹಸಿದಿದ್ದಳು. ಅವಳಿಗೆ ಅಳು ಒತ್ತಿಕೊಂಡು ಬಂತು.

ಗೇಟಿನ ಹೊರಗೆ ಅಪ್ಪ ಬೈಕಿಗೆ ಒರಗಿ ನಿಂತಿದ್ದ. ಹೊತ್ತು ಮುಳುಗಿತ್ತು. ಅಪ್ಪನ ಇವತ್ತಿನ ಊಟ ತಪ್ಪಿತು ಎಂದು ಅವಳಿಗೆ ಆಗ ಹೊಳೆಯಿತು.

"ಹೇಳವಾ. ಕರಕೊಂಡು ಹೋಗೂಣೇನು?"

ಹೂಂ ಎಂದರೆ ಸಾಕಿತ್ತು. ಅಕ್ಕ ತೆಳ್ಳಗಾಗಿದ್ದನ್ನು ಅಪ್ಪನೇ ಕಣ್ಣಾರೆ ಕಂಡಿದ್ದ. ನಾಳೆ ಬೆಳಿಗ್ಗೆ ಅಕ್ಕ ಮನೆಯಲ್ಲಿರುತ್ತಾಳೆ, ಜಡೆ ನೋಯದ ಹಾಗೆ ಹಾಕುತ್ತಾಳೆ. ತ್ರಿಶಲಾ ಚಪ್ಪಲಿಯಿಂದ ನೆಲ ಕೆರೆದಳು.

"ಬ್ಯಾಡಪ್ಪಾ," ಎಂದಳು ಕೊನೆಗೆ. "ಅಕ್ಕ ಇಲ್ಲೇ ಇರ್ಲಿ."

ಕಂಡದ್ದನ್ನೆಲ್ಲ ಹೇಳಿದಳು. ಅಪ್ಪ ಕೇಳಿದ. ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡ. ಇದನ್ನು ಅವ್ವನಿಗೆ ನೀನೇ ಹೇಳಬೇಕು, ನನ್ನಿಂದ ಆಗುವುದಿಲ್ಲ ಎಂದು ಬೈಕ್ ಶುರು ಮಾಡಿದ.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ. ಅಕ್ಕನಿಗೆ ನಿನ್ನ ರೊಟ್ಟಿ ಬೇಡವಂತೆ ಎನ್ನಲಾಗದು. ಮೆಸ್ಸಿನ ಊಟ ಚೆನ್ನಾಗಿದೆಯಂತೆ ಎಂದರೆ ಇನ್ನೂ ಕೆಟ್ಟದ್ದು. ಖಾನಾಪುರ ದಾಟಿದರೂ ಮಾತು ಸಿಗಲಿಲ್ಲ. ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ, ಒಂದೊಂದೇ ಮಾತು ಬಾಯಲ್ಲಿ ಆಡಿ ನೋಡಿ ಬಿಟ್ಟಳು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ತ್ರಿಶಲಾ ಬೈಕ್ ಇಳಿದು, ಓಡದೆ, ನಡೆದು ಹೋಗಿ ಅವಳ ಕೈ ಹಿಡಿದುಕೊಂಡಳು.

"ಅವ್ವಾ, ಅಕ್ಕಗ ಈಗ ಹಸಿವಿ ಆಗಾಕತ್ತೈತಿ," ಎಂದಳು.