ಹತ್ತು ಮಕ್ಕಳ ಬ್ಯಾಚು

"ಒಂದು ಬ್ಯಾಚಿಗೆ ಎಷ್ಟು ಮಕ್ಕಳು?"

ಕೇಳಿದವನು ಕನ್ನಡಕದ ಅಂಗಡಿಯವನು. ಅಕ್ಕನ ಐದು ವರ್ಷದ ಮಗಳನ್ನು ಈಜಿಗೆ ಸೇರಿಸಲು ಬಂದಿದ್ದ. ಪೂಲಿನ ತೇವದ ಗಾಳಿಗೆ ಅವನ ಕನ್ನಡಕವೇ ಮಂಜಾಗಿತ್ತು.

"ನಾಲ್ಕು," ಎಂದಳು ಈಜು ಟೀಚರ್, ಅವನ ಮುಖ ನೋಡದೆ.

ಮರುದಿನ ನೀರಿನಲ್ಲಿ ಹತ್ತು ಟೋಪಿಗಳಿದ್ದವು.

ಅವನು ರೇಗಲಿಲ್ಲ. ಕ್ಲಾಸ್ ಮುಗಿದ ಮೇಲೆ ಬಂದು, "ಟೀಚರ್, ನಾನೇ ಕಣ್ಣು ಟೆಸ್ಟ್ ಮಾಡಿಸ್ಕೋಬೇಕೇನೋ. ನಾಲ್ಕು ಹತ್ತಾಗಿ ಕಾಣ್ತಿದೆ," ಎಂದ.

ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. "ಬಾಯಿ ನಂದು, ಮಾತು ನಮ್ಮ ಭಾವಂದು."

ಪೂಲ್ ಭಾವನದು. ಅದರ ಮೇಲಿನ ಮನೆಯೂ ಅವನದೇ. ಅಮ್ಮ ತೀರಿಕೊಂಡ ಮೇಲೆ ಟೀಚರನ್ನು ಅವಳ ಅಕ್ಕ ಇಲ್ಲಿಗೆ ಕರೆತಂದಿದ್ದಳು. ಆರು ವರ್ಷದಿಂದ ಮೆಟ್ಟಿಲು ಹತ್ತಿದರೆ ಮನೆ, ಇಳಿದರೆ ಕೆಲಸ. ಕೂದಲಿಗೆ, ದಿಂಬಿಗೆ, ಉಣ್ಣುವ ಕೈಗೂ ಕ್ಲೋರಿನ್ ವಾಸನೆ. "ಪುಟ್ಟ ಮಕ್ಕಳ ಬ್ಯಾಚು ನಾಲ್ಕು ದಾಟಬಾರದು ಭಾವ," ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಮುಕ್ಕಾಲು ಗಂಟೆಯಲ್ಲಿ ಒಂದೊಂದು ಮಗುವಿಗೆ ಅವಳ ಕೈ ಸಿಗುತ್ತಿದ್ದುದು ನಾಲ್ಕೇ ನಿಮಿಷ; ಉಳಿದಷ್ಟು ಹೊತ್ತೂ ಅವು ಕಂಬಿ ಹಿಡಿದು ನಡುಗುತ್ತಿದ್ದವು.

"ನಿಮ್ಮ ಹುಡುಗೀನ ಬಿಡಿಸಿಬಿಡಿ," ಎಂದಳು.

"ಬಿಡಿಸಲ್ಲ. ನಿಮಗಿರೋದು ಎರಡೇ ಕಣ್ಣು. ನಾನೂ ಕೂತಿರ್ತೀನಿ."

ಕೂತ. ದಿನಾ ಸಂಜೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೋಪಿ ಎಣಿಸಿದ. ಅವಳು ತಿರುಗಿದಾಗಲೆಲ್ಲ ಹತ್ತು ಬೆರಳು ಎತ್ತಿ ತೋರಿಸುತ್ತಿದ್ದ. ಬರಬರುತ್ತಾ ಅವಳು ತಿರುಗುವುದು ಹೆಚ್ಚಾಯಿತು. ಅದು ಅವನಿಗೂ ತಿಳಿದು, ಒಂದು ಸಂಜೆ ಹತ್ತು ಬೆರಳು ಎತ್ತಿದ ಮೇಲೆ ಹನ್ನೊಂದನೆಯದಾಗಿ ಅವಳನ್ನೇ ತೋರಿಸಿದ. ತಣ್ಣೀರಲ್ಲಿ ನಿಂತಿದ್ದವಳ ಕಿವಿ ಬಿಸಿಯಾಯಿತು.

ಮೂರನೇ ವಾರದ ಒಂದು ದಿನ ಅವನು ಬೆರಳೆತ್ತಲಿಲ್ಲ. ಎದ್ದು ನಿಂತು ಕೂಗಿದ: "ಒಂಬತ್ತು!"

ಅವಳು ಮುಳುಗಿದಳು. ಮೂಲೆಯಲ್ಲಿ ಕಂಬಿ ಕೈತಪ್ಪಿ ಕೆಳಗಿಳಿದಿದ್ದ ಪುಟಾಣಿಯನ್ನು ಎತ್ತಿದಾಗ ಅದು ಕೆಮ್ಮಿತು, ಆಮೇಲೆ ಕಿರುಚಿ ಅತ್ತಿತು. ಅಷ್ಟು ಚೆಂದದ ಅಳುವನ್ನು ಅವಳು ಎಂದೂ ಕೇಳಿರಲಿಲ್ಲ.

"ಏನೂ ಆಗ್ಲಿಲ್ವಲ್ಲ," ಎಂದ, ಅಳು ಕೇಳಿ ಮೆಟ್ಟಿಲಿಳಿದು ಬಂದ ಭಾವ.

"ನಾಳೆಯಿಂದ ನಾಲ್ಕೇ ಮಕ್ಕಳು. ಇಲ್ಲಾಂದ್ರೆ ನಾನು ನೀರಿಗಿಳಿಯಲ್ಲ."

"ಯಾರ ಮನೇಲಿದ್ದೀಯ ಅನ್ನೋದು ನೆನಪಿದೆಯಾ?"

ಟವೆಲ್ ಮಡಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ಭಾವನ ಮಾತಿಗಿಂತ ಅದೇ ಹೆಚ್ಚು ನಾಟಿತು. ಒದ್ದೆ ಕೂದಲಲ್ಲೇ ಹೊರಟುಬಂದಳು.

ಬಸ್ ಸ್ಟಾಪಿನ ಬೆಂಚಿನಲ್ಲಿ ಕನ್ನಡಕದ ಅಂಗಡಿಯವನಿದ್ದ. ಅಕ್ಕನ ಮಗಳು ಅವನ ತೋಳಿಗೊರಗಿ ನಿದ್ದೆಹೋಗಿದ್ದಳು.

"ಮೊದಲ ವಾರ ಇವಳಿಗೋಸ್ಕರ ಬಂದೆ," ಎಂದ ಮೆಲ್ಲಗೆ. "ಆಮೇಲೆಲ್ಲ ನಿಮ್ಮನ್ನ ನೋಡೋಕೆ."

"ನಂಗೀಗ ಕೆಲಸಾನೂ ಇಲ್ಲ, ಮನೇನೂ ಇಲ್ಲ."

"ನಾನು ಅದನ್ನ ಕೇಳ್ಲಿಲ್ಲ."

ಅವಳು ಒದ್ದೆ ಕೂದಲು ಹಿಂಡಿಕೊಂಡು ಬೆಂಚಿನ ಇನ್ನೊಂದು ತುದಿಗೆ ಕೂತಳು. "ನೀವಂದ್ರೆ ನಂಗೂ ಇಷ್ಟ. ಆದ್ರೆ ಭಾವನ ಮನೆಯಿಂದ ನೇರ ನಿಮ್ಮ ಮನೆಗೆ ಬರಲ್ಲ. ಮೊದಲು ನಂದು ಅಂತ ಒಂದು ಕೋಣೆ ಬೇಕು. ಅದರ ಬಾಗಿಲ ಬೀಗದಕೈ ನನ್ನ ಹತ್ರ ಇರ್ಬೇಕು."

"ಆ ಬಾಗಿಲು ನಾನು ತಟ್ಟಬಹುದಾ?"

"ತಟ್ಟಿ," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ತೆಗೆಯೋದು ಬಿಡೋದು ನನ್ನಿಷ್ಟ."